ಬೆಸುಗೆಯ ವಿದ್ಯೆ: ವಿದ್ಯುತ್ ಗಿಟಾರೂ ಮೈಸೂರು ಸೀಮೆಯ ಕೈಕಸಬುಗಳೂ

೧

ಮೈಸೂರು ಜಿಲ್ಲೆಯ ಪಶ್ಚಿಮ ಭಾಗದಲ್ಲಿರುವ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ಸೀಮೆಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಚಂಗಾಳ್ವರ ಶಾಸನಗಳಿಂದ ಮೊದಲುಮಾಡಿ, ಮೈಸೂರು ಅರಸರ ಕಾಲವನ್ನು ಹಾದು, ಕಮಿಷನರರ ಆಡಳಿತದ ಕಂದಾಯದ ಲೆಕ್ಕಗಳಲ್ಲಿ ನಿಲ್ಲುತ್ತಾರೆ. ಇದು ತಪ್ಪಲ್ಲ. ಕಲ್ಲೂ ಕಡತವೂ ಉಳಿದಿವೆ. ಉಳಿದದ್ದನ್ನು ಓದುವುದು ಚರಿತ್ರಕಾರನ ಮೊದಲ ಕರ್ತವ್ಯ. ಆದರೆ ಕಲ್ಲಿನ ಮೇಲೂ ಕಡತದಲ್ಲಿಯೂ ಸೇರದೆ, ಕೈಯಿಂದ ಕೈಗೆ ಮಾತ್ರ ಸಾಗಿಬರುವ ವಿದ್ಯೆಗಳೂ ಉಂಟು. ಅವುಗಳಲ್ಲಿ ಒಂದಾದ ಬೆಸುಗೆಯನ್ನು ಕುರಿತು ಕೆಲವು ವಿಚಾರಗಳನ್ನು ವಿದ್ವಾಂಸರ ಮುಂದಿಡುವುದು ಪ್ರಕೃತ ಲೇಖನದ ಉದ್ದೇಶ.

ಈ ವಿಷಯದ ಕಡೆಗೆ ನಮ್ಮ ಗಮನ ಹರಿದುದು ಒಂದು ಸಣ್ಣ ಸಂಗತಿಯಿಂದ. ಹುಣಸೂರಿನ ಕಡೆಯ ವಿದ್ಯಾರ್ಥಿಯೊಬ್ಬನು ಗಣೇಶೋತ್ಸವದ ರಸಮಂಜರಿ ಕಾರ್ಯಕ್ರಮಗಳಲ್ಲಿ ಗಿಟಾರ್ ನುಡಿಸುವವನು. ಅವನ ವಿದ್ಯುತ್ ಗಿಟಾರಿನಲ್ಲಿದ್ದ ಎರಡು ಪಿಕಪ್‌ಗಳ ಪೈಕಿ ಒಂದು ಮೂಕವಾಯಿತು. ವಾದ್ಯವನ್ನು ಬೆಂಗಳೂರಿಗೆ ಕಳುಹಿಸುವಷ್ಟು ಹಣ ಅವನಲ್ಲಿರಲಿಲ್ಲ. ಉತ್ಸವಕ್ಕೆ ಹೆಚ್ಚು ದಿನಗಳೂ ಉಳಿದಿರಲಿಲ್ಲ. ಹೊಸ ಪಿಕಪ್ಪೊಂದನ್ನು ತರಿಸಿ ನಾವೇ ಕೂಡಿಸೋಣವೆಂದು ಹೊರಟೆವು. ಆ ಪ್ರಯತ್ನ ಮೊದಲು ಕೆಟ್ಟು, ಬಳಿಕ ಕೈಗೂಡಿತು. ಅದು ಕೆಟ್ಟದ್ದು ಏಕೆ ಎಂಬುದನ್ನು ಯೋಚಿಸುತ್ತ ಹೋದಂತೆ ನಮ್ಮ ಸೀಮೆಯ ಹಳೆಯ ಕಸಬುಗಳ ಬಳಿಗೆ ಬಂದು ನಿಂತೆವು. ವಾದ್ಯದಿಂದಲೇ ಆರಂಭಿಸುವುದು ಯುಕ್ತ.

೨

ತಂತಿವಾದ್ಯಗಳ ಚರಿತ್ರೆಯಲ್ಲಿ ಸದ್ದಿನ ಪ್ರಶ್ನೆ ಹಳೆಯದು. ತೊಟ್ಟಿಯ ಮನೆಯಲ್ಲಿಯೋ ಅರಮನೆಯ ಅಂಕಣದಲ್ಲಿಯೋ ಕುಳಿತ ಹತ್ತಿಪ್ಪತ್ತು ರಸಿಕರಿಗೆ ವೀಣೆಯ ನಾದ ಸಾಲುತ್ತದೆ. ಸಾರ್ವಜನಿಕ ಸಭೆಗಳು ಬೆಳೆದು ಕೇಳುವವರು ನೂರು, ಸಾವಿರವಾದಾಗ ಅದು ಹಿಂದಿನ ಸಾಲಿಗೆ ತಲುಪುವುದಿಲ್ಲ. ಈ ತೊಡಕಿಗೆ ನಮ್ಮ ಜಿಲ್ಲೆಯವರೇ ಒಬ್ಬರು ತಮ್ಮದೇ ಪರಿಹಾರವನ್ನು ಕಂಡುಕೊಂಡರು. ೧೮೯೫ರಲ್ಲಿ ತಿರುಮಕೂಡಲಿನಲ್ಲಿ ಜನಿಸಿ, ಬಿಡಾರಂ ಕೃಷ್ಣಪ್ಪನವರಲ್ಲಿ ಶಿಷ್ಯವೃತ್ತಿ ಮಾಡಿದ ಟಿ. ಚೌಡಯ್ಯನವರು ಪಿಟೀಲಿನ ನಾಲ್ಕು ತಂತಿಗಳಿಗೆ ಇನ್ನೂ ಮೂರನ್ನು ಸೇರಿಸಿ ಏಳು ತಂತಿಯ ಪಿಟೀಲನ್ನು ರೂಢಿಗೆ ತಂದರು. ಧ್ವನಿವರ್ಧಕಗಳು ಇನ್ನೂ ಎಲ್ಲೆಡೆ ಬಾರದಿದ್ದ ಕಾಲದಲ್ಲಿ ತುಂಬಿದ ಸಭೆಯನ್ನು ನಾದದಿಂದ ತುಂಬಬೇಕೆಂಬುದೇ ಇದರ ಹಿಂದಿದ್ದ ಪ್ರೇರಣೆ. ಸಂಪ್ರದಾಯಸ್ಥರಿಗೆ ಇದು ಒಪ್ಪಿಗೆಯಾಗುವುದು ಸುಲಭವಾಗಿರಲಿಲ್ಲ. ಆದರೂ ತನ್ನ ವಾದ್ಯವನ್ನು ತಾನೇ ತಿದ್ದಿಕೊಳ್ಳುವ ಅಧಿಕಾರ ವಾದಕನಿಗೆ ಉಂಟೆಂಬುದನ್ನು ಚೌಡಯ್ಯನವರು ಸಾಧಿಸಿ ತೋರಿಸಿದರು.

ಇದೇ ಪ್ರಶ್ನೆಗೆ ಅಮೆರಿಕದಲ್ಲಿ ಬೇರೊಂದು ಉತ್ತರ ಹುಟ್ಟಿತು. ಹವಾಯಿ ಗಿಟಾರನ್ನು ನುಡಿಸುತ್ತಿದ್ದ ಜಾರ್ಜ್ ಬೋಶಾಂಪ್ ಎಂಬವನು ಅಡಾಲ್ಫ್ ರಿಕೆನ್‌ಬ್ಯಾಕರನ ಸಹಾಯದಿಂದ ೧೯೩೧-೩೨ರ ವೇಳೆಗೆ ವಿದ್ಯುತ್ ಗಿಟಾರೊಂದನ್ನು ಸಿದ್ಧಪಡಿಸಿದನು. ಅದರ ಪೇಟೆಂಟು ದೊರೆತುದು ೧೯೩೭ರಲ್ಲಿ. ಚೌಡಯ್ಯನವರು ತಂತಿಗಳ ಸಂಖ್ಯೆಯನ್ನು ಹೆಚ್ಚಿಸಿದರೆ, ಬೋಶಾಂಪನು ತಂತಿಯ ಕಂಪನವನ್ನೇ ವಿದ್ಯುತ್ತಾಗಿ ಪರಿವರ್ತಿಸಿದನು. ಒಬ್ಬರು ಇನ್ನೊಬ್ಬರಿಂದ ಕಲಿತರೆಂದು ಹೇಳುವುದಕ್ಕೆ ಯಾವ ಆಧಾರವೂ ಇಲ್ಲ. ಒಂದೇ ಕಾಲದ ಒಂದೇ ಕೊರತೆ ಇಬ್ಬರನ್ನೂ ಎಚ್ಚರಿಸಿತೆನ್ನುವುದು ಸಾಕು.

೩

ಪಿಕಪ್ಪನ್ನು ನಾದಗ್ರಾಹಕವೆನ್ನಬಹುದು. ಅದರ ರಚನೆ ಸರಳ. ಅಯಸ್ಕಾಂತವೊಂದರ ಸುತ್ತ ಕೂದಲಿಗಿಂತ ಹೆಚ್ಚು ದಪ್ಪವಲ್ಲದ ತಾಮ್ರದ ತಂತಿಯನ್ನು ಏಳೆಂಟು ಸಾವಿರ ಸುತ್ತು ಸುತ್ತಿರುತ್ತಾರೆ. ಮೇಲಿನ ಉಕ್ಕಿನ ತಂತಿ ಮಿಡಿದಾಗ ಕಾಂತಕ್ಷೇತ್ರ ಅಲುಗುತ್ತದೆ. ಸುರುಳಿಯಲ್ಲಿ ಅತ್ಯಲ್ಪ ವಿದ್ಯುತ್ತು ಹುಟ್ಟುತ್ತದೆ. ಅದನ್ನು ಆಂಪ್ಲಿಫಯರು ಹಿಗ್ಗಿಸಿ ಸ್ಪೀಕರಿಗೆ ಕೊಡುತ್ತದೆ. ೧೮೩೧ರಲ್ಲಿ ಫ್ಯಾರಡೆ ಕಂಡುಹಿಡಿದ ವಿದ್ಯುತ್ಕಾಂತ ಪ್ರೇರಣೆಯೇ ಇದರ ಮೂಲತತ್ತ್ವ. ತಂತಿ ಉಕ್ಕಿನದಾಗಿರಬೇಕೆಂಬುದನ್ನು ಗಮನಿಸಬೇಕು. ಕೇವಲ ಹಿತ್ತಾಳೆಯ ತಂತಿಗೆ ಅಯಸ್ಕಾಂತ ಓಗೊಡುವುದಿಲ್ಲ. ವಾದ್ಯದ ಮೈಗೆ ಅಂಟಿಸಿ, ಅದರ ಕಂಪನವನ್ನು ನೇರವಾಗಿ ಹಿಡಿಯುವ ಪಿಕಪ್ಪುಗಳ ಕ್ರಮ ಬೇರೆ. ಅವುಗಳಲ್ಲಿ ಹಲವಕ್ಕೆ ೧೮೮೦ರಲ್ಲಿ ಕ್ಯೂರಿ ಸೋದರರು ಕಂಡ ಸ್ಫಟಿಕಗುಣ ಆಧಾರ. ವೀಣೆಯಂತಹ ವಾದ್ಯಕ್ಕೆ ಇವು ಹೆಚ್ಚು ಒಗ್ಗುತ್ತವೆ.

ಒಂಟಿ ಸುರುಳಿಯ ಪಿಕಪ್ಪಿಗೆ ಒಂದು ದೋಷವುಂಟು. ಅದು ತಂತಿಯ ನಾದವನ್ನು ಹಿಡಿಯುವಂತೆಯೇ ಸುತ್ತಣ ವಿದ್ಯುತ್ ತಂತಿಗಳ ಗುಂಯ್‌ಗುಡುವಿಕೆಯನ್ನೂ ಹಿಡಿಯುತ್ತದೆ. ನಮ್ಮ ದೇಶದಲ್ಲಿ ವಿದ್ಯುತ್ತಿನ ಆವರ್ತನ ಸೆಕೆಂಡಿಗೆ ೫೦. ಆ ಶ್ರುತಿಯೂ ಅದರ ಇಮ್ಮಡಿಯೂ ಸ್ಪೀಕರಿನಲ್ಲಿ ಸದಾ ಮೊಳಗುತ್ತಿರುತ್ತವೆ. ಬೀದಿಯ ಚಪ್ಪರದಲ್ಲಿ ದೀಪದ ಸರಗಳ ನಡುವೆ ನುಡಿಸುವ ವಾದಕನಿಗೆ ಈ ಕಾಟ ಎಷ್ಟೆಂಬುದನ್ನು ವಿವರಿಸಬೇಕಾಗಿಲ್ಲ. ಗಿಬ್ಸನ್ ಸಂಸ್ಥೆಯ ಸೆತ್ ಲವರ್ ಎಂಬವನು ಎರಡು ಸುರುಳಿಗಳನ್ನು ಪರಸ್ಪರ ವಿರುದ್ಧ ದಿಕ್ಕಿನಲ್ಲಿ ಜೋಡಿಸಿ, ಅಯಸ್ಕಾಂತದ ಧ್ರುವಗಳನ್ನೂ ಅದಲುಬದಲು ಮಾಡಿ, ಗದ್ದಲ ತನ್ನಷ್ಟಕ್ಕೆ ತಾನೇ ಅಳಿಯುವಂತೆಯೂ ನಾದ ಉಳಿಯುವಂತೆಯೂ ಮಾಡಿದನು. ೧೯೫೫ರಲ್ಲಿ ಸಲ್ಲಿಸಿದ ಅವನ ಅರ್ಜಿಗೆ ೧೯೫೯ರಲ್ಲಿ ಪೇಟೆಂಟು ದೊರೆಯಿತು.

ಮುಂದೆ ೧೯೭೦ರ ದಶಕದಲ್ಲಿ ಡಿಮಾರ್ಜಿಯೊ, ಸೀಮೂರ್ ಡಂಕನ್ ಮೊದಲಾದವರು ಪಿಕಪ್ಪುಗಳನ್ನು ಬಿಡಿಯಾಗಿ ಮಾರತೊಡಗಿದರು. ಇದು ಸಾಮಾನ್ಯ ವ್ಯಾಪಾರದ ಸಂಗತಿಯಾಗಿ ತೋರಿದರೂ ಅದರ ಫಲ ದೊಡ್ಡದು. ಕಾರ್ಖಾನೆ ಕೊಟ್ಟ ನಾದವೇ ಕೊನೆಯದಾಗಬೇಕಿಲ್ಲವೆಂಬುದೂ, ಬೆಸೆಯಲು ಬಲ್ಲವನು ತನಗೆ ಬೇಕಾದ ನಾದವನ್ನು ಕೂಡಿಸಿಕೊಳ್ಳಬಹುದೆಂಬುದೂ ವಾದಕರಿಗೆ ಖಚಿತವಾಯಿತು. ‘ಬೆಸೆಯಲು ಬಲ್ಲವನು’ ಎಂಬಲ್ಲಿಯೇ ನಮ್ಮ ಪ್ರಶ್ನೆ ಇರುವುದು. ನಮ್ಮ ಸೀಮೆಯಲ್ಲಿ ಅಂತಹ ಕೈ ಎಲ್ಲಿಂದ ಬಂದಿತು?

೪

ವಿದ್ಯುತ್ ಬೆಸುಗೆ ಮೈಸೂರು ಸೀಮೆಯಲ್ಲಿ ಹರಡಿದುದು ಮುಖ್ಯವಾಗಿ ರೇಡಿಯೋದ ಬೆನ್ನು ಹಿಡಿದು ಎಂದು ಊಹಿಸಲು ಅವಕಾಶವಿದೆ. ಶಿವನಸಮುದ್ರದ ವಿದ್ಯುತ್ತು ೧೯೦೨ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ, ೧೯೦೮ರಲ್ಲಿ ಮೈಸೂರು ನಗರಕ್ಕೂ ಹರಿಯಿತು. ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ॥ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರ ಸೆಪ್ಟೆಂಬರ್ ೧೦ರಂದು ಒಂಟಿಕೊಪ್ಪಲಿನ ತಮ್ಮ ಮನೆಯಲ್ಲಿ ೩೦ ವ್ಯಾಟ್ ಶಕ್ತಿಯ ಯಂತ್ರದಿಂದ ಬಾನುಲಿ ಪ್ರಸಾರವನ್ನು ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಮೊದಲು ಅಂಟಿಕೊಂಡುದು ಆ ನಿಲಯಕ್ಕೆ. ಅದು ಬಳಿಕ ಸಂಸ್ಥಾನದ ವಶಕ್ಕೂ, ೧೯೫೦ರಲ್ಲಿ ಭಾರತ ಸರ್ಕಾರದ ವಶಕ್ಕೂ ಬಂದು, ೧೯೫೫ರಲ್ಲಿ ಬೆಂಗಳೂರಿಗೆ ಸ್ಥಳಾಂತರ ಹೊಂದಿತು. ಪ್ರಾಧ್ಯಾಪಕರೊಬ್ಬರು ತಮ್ಮ ವಿಷಯದ ಗಡಿಯಾಚೆಗೆ ಹೋಗಿ, ಮನೆಯಲ್ಲಿಯೇ ಯಂತ್ರವನ್ನು ಹೂಡಿದರೆಂಬುದನ್ನು ನಮ್ಮ ಕಾಲೇಜುಗಳು ಮರೆಯಬಾರದು.

ಪ್ರಸಾರ ಬಂದ ಮೇಲೆ ಪೆಟ್ಟಿಗೆಗಳು ಬಂದುವು. ಪೆಟ್ಟಿಗೆಗಳು ಬಂದ ಮೇಲೆ ಅವು ಕೆಡಲೇಬೇಕು. ವಾಲ್ವಿನ ರೇಡಿಯೋ, ಅನಂತರ ಟ್ರಾನ್ಸಿಸ್ಟರು, ಟೇಪ್ ರೆಕಾರ್ಡರು, ಚುಂಚನಕಟ್ಟೆಯ ಜಾತ್ರೆಯಿಂದ ಬೆಟ್ಟದಪುರದ ಜಾತ್ರೆಯವರೆಗೆ ಎಲ್ಲೆಲ್ಲಿಯೂ ಮೊಳಗುವ ಮೈಕ್‌ಸೆಟ್ಟು, ಇವುಗಳ ರಿಪೇರಿಗಾಗಿ ಊರೂರಿನ ಪೇಟೆಬೀದಿಗಳಲ್ಲಿ ಅಂಗಡಿಗಳು ಹುಟ್ಟಿದುವು. ಚಿತ್ರಗೀತೆಗಳ ಮೂಲಕ ಗಿಟಾರಿನ ನಾದ ಜನರ ಕಿವಿಗೆ ಬಿದ್ದುದೂ ಇದೇ ಕಾಲದಲ್ಲಿ. ಮೈಸೂರಿನವರೇ ಆದ ರಾಜನ್-ನಾಗೇಂದ್ರ ಸೋದರರ ಸಂಗೀತವನ್ನೂ, ಇಳಯರಾಜಾ ಅವರು ಮೊದಲಲ್ಲಿ ಗಿಟಾರ್ ನುಡಿಸುತ್ತಿದ್ದ ಜಿ. ಕೆ. ವೆಂಕಟೇಶರ ವಾದ್ಯಮೇಳವನ್ನೂ ಇಲ್ಲಿ ನೆನೆಯಬಹುದು. ಬೆಂಗಳೂರಿನಲ್ಲಿ ೧೯೫೪ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸ್ಥಾಪಿತವಾಯಿತು. ೧೯೭೯ರಲ್ಲಿ, ಎಂಜಿನಿಯರೂ ಕೊಳಲುವಾದಕರೂ ಆದ ಜಿ. ರಾಜನಾರಾಯಣ್ ಅವರ ರಾಡೆಲ್ ಸಂಸ್ಥೆ ಅಲ್ಲಿಯೇ ಆರಂಭವಾಗಿ, ವಿದ್ಯುನ್ಮಾನ ತಂಬೂರಿ, ಶ್ರುತಿಪೆಟ್ಟಿಗೆಗಳನ್ನು ಕಚೇರಿಯ ವೇದಿಕೆಗೆ ತಂದಿತು. ಸಂಗೀತಗಾರನ ಕಿವಿಯೂ ಬೆಸುಗೆಗಾರನ ಕೈಯೂ ಒಬ್ಬನಲ್ಲಿಯೇ ಕೂಡಿದರೆ ಏನಾದೀತೆಂಬುದಕ್ಕೆ ಇದು ನಿದರ್ಶನ.

೫

ಇಷ್ಟರಿಂದ ಬೆಸುಗೆಯನ್ನು ಇಪ್ಪತ್ತನೆಯ ಶತಮಾನದ ಆಮದೆಂದು ತಿಳಿದರೆ ತಪ್ಪಾಗುತ್ತದೆ. ಕಾಯಿಸುವ ಸಾಧನ ಹೊಸದು, ವಿದ್ಯೆ ಹೊಸದಲ್ಲ. ಬೆಸುಗೆಗೆ ಬೇಕಾದುವು ಮೂರು: ಶುಚಿಯಾದ ಮೈ, ಕಿಲುಬನ್ನು ಕಳೆಯುವ ಮದ್ದು, ಹದವಾದ ಕಾವು. ಈ ಮೂರನ್ನೂ ನಮ್ಮ ನಾಡಿನ ಮೂರು ಹಳೆಯ ಕಸಬುಗಳು ಚೆನ್ನಾಗಿ ಅರಿತಿದ್ದುವು.

ಮೊದಲನೆಯದು ಅಕ್ಕಸಾಲೆ. ಒಡವೆಯ ಎರಡು ತುಂಡುಗಳನ್ನು ಕೂಡಿಸುವಾಗ ಅಕ್ಕಸಾಲಿಗನು ಬಿಳಿಗಾರವನ್ನು ಸವರಿ, ಬೆಸುಗೆಯ ಲೋಹದ ಚೂರನ್ನು ಇಟ್ಟು, ಊದುಗೊಳವೆಯಿಂದ ಜ್ವಾಲೆಯನ್ನು ಹಾಯಿಸುತ್ತಾನೆ. ಬೆಸುಗೆಯ ಲೋಹ ಒಡವೆಯ ಲೋಹಕ್ಕಿಂತ ಮೊದಲೇ ಕರಗಬೇಕು, ಒಡವೆ ಕರಗಬಾರದು. ಕೂಡಿಸುವ ತುಂಡುಗಳು ಸ್ವತಃ ಕಾಯದೆ ಲೋಹ ಅವುಗಳ ನಡುವೆ ಹರಿಯುವುದಿಲ್ಲ.

ಎರಡನೆಯದು ಕಲಾಯಿ. ತಾಮ್ರ, ಹಿತ್ತಾಳೆಯ ಪಾತ್ರೆಯನ್ನು ಉಜ್ಜಿ, ಕಾಯಿಸಿ, ನವಸಾಗರವನ್ನು ಹಾಕಿ, ತವರವನ್ನು ತಾಕಿಸಿ, ಅರಳೆಯಿಂದ ಒರಸಿದೊಡನೆ ಕಪ್ಪಾಗಿದ್ದ ಒಳಮೈ ಬೆಳ್ಳಿಯಂತೆ ಹೊಳೆಯುತ್ತದೆ. ಬೆಸುಗೆಯ ಕಡ್ಡಿಯ ತುದಿಗೆ ಮಾಡಬೇಕಾದ ಸಂಸ್ಕಾರವೂ ಇದೇ. ತುದಿಯ ಕರಿಯನ್ನು ಕಳೆದು ತೆಳುವಾಗಿ ತವರವನ್ನು ಹಿಡಿಸದಿದ್ದರೆ ಅದು ಕಾವನ್ನು ಸಾಗಿಸುವುದಿಲ್ಲ. ತಾಮ್ರದ ತುದಿಯನ್ನು ನವಸಾಗರದ ಗಟ್ಟಿಯ ಮೇಲೆ ಉಜ್ಜಿ ಶುಚಿಮಾಡುವ ರೂಢಿ ಬೆಸುಗೆಗಾರರಲ್ಲಿಯೂ ಇತ್ತು.

ಮೂರನೆಯದು ವೀಣೆಯ ಮೇಳ ಕಟ್ಟುವ ಕೆಲಸ. ವೀಣೆಯ ಇಪ್ಪತ್ತನಾಲ್ಕು ಮೆಟ್ಟಿಲುಗಳು ಕೂಡುವುದು ಮಸಿ ಬೆರೆಸಿದ ಜೇನುಮೇಣದ ಮೇಲೆ. ಮೇಣ ವರ್ಷಗಳು ಕಳೆದಂತೆ ಜಾರುತ್ತದೆ. ಮೆಟ್ಟಿಲು ಅಲುಗಿ ಸ್ವರ ಕೆಡುತ್ತದೆ. ಆಗ ಮೇಣವನ್ನು ಮತ್ತೆ ಕಾಯಿಸಿ, ಮೆಟ್ಟಿಲನ್ನು ಕಿವಿಯ ಸಾಕ್ಷಿಯಿಂದ ಸರಿಸಿ, ಆರುವವರೆಗೆ ಅಲುಗದಂತೆ ಹಿಡಿಯಬೇಕು. ಇಲ್ಲಿ ಕೂಡಿಸುವುದು ಲೋಹವಲ್ಲವಾದರೂ ಕಾವಿನ ಹದವೂ ಆರುವ ತನಕದ ತಾಳ್ಮೆಯೂ ಅವೇ.

ರೇಡಿಯೋ ರಿಪೇರಿಯವರು ಈ ಕಸಬುದಾರರ ವಂಶದವರೆಂದಾಗಲಿ, ಅವರಿಂದ ಕಲಿತವರೆಂದಾಗಲಿ ನಾವು ವಾದಿಸುತ್ತಿಲ್ಲ. ತತ್ತ್ವದ ಸಾಮ್ಯ ವಂಶದ ಸಾಮ್ಯವಲ್ಲ. ನಾವು ಹೇಳುವುದು ಇಷ್ಟೆ: ಬೆಸುಗೆಯನ್ನು ಕಲಿಯಹೊರಟ ಕನ್ನಡದ ವಿದ್ಯಾರ್ಥಿಗೆ ಅದರ ಪರಿಭಾಷೆಯೂ ಪೂರ್ವಸಂಸ್ಕಾರವೂ ತನ್ನ ಬೀದಿಯಲ್ಲಿಯೇ ಸಿಕ್ಕುತ್ತವೆ. ಆ ಬೀದಿಗೆ ಅವನು ಹೋಗಬೇಕು.

೬

ನಮ್ಮ ಪ್ರಯತ್ನ ಕೆಟ್ಟ ಬಗೆಯನ್ನು ಈಗ ಹೇಳುವುದು ಉಚಿತ. ಪುಸ್ತಕವನ್ನು ಓದಿ ತತ್ತ್ವವೆಲ್ಲ ತಿಳಿಯಿತೆಂದು ಭಾವಿಸಿ, ಗಿಟಾರಿನ ತಂತಿಗಳನ್ನು ಸಡಿಲಿಸಿ, ಮುಚ್ಚಳವನ್ನು ತೆಗೆದು, ಹಳೆಯ ಪಿಕಪ್ಪಿನ ಬೆಸುಗೆಗಳನ್ನು ಬಿಡಿಸಿಬಿಟ್ಟೆವು. ಯಾವ ತಂತಿ ಎಲ್ಲಿತ್ತೆಂಬ ನಕ್ಷೆಯನ್ನು ಮೊದಲು ಬರೆದುಕೊಳ್ಳಲಿಲ್ಲ. ಇದ್ದ ಸ್ಥಿತಿಯನ್ನು ದಾಖಲಿಸದೆ ಉತ್ಖನನ ಮಾಡಬಾರದೆಂದು ವರ್ಷವರ್ಷವೂ ವಿದ್ಯಾರ್ಥಿಗಳಿಗೆ ಬೋಧಿಸುವ ನಾವು, ಅಂಗೈಯಗಲದ ಕುಳಿಯಲ್ಲಿ ಆ ನಿಯಮವನ್ನು ಮರೆತೆವು. ಹೊಸದನ್ನು ಊಹೆಯಿಂದ ಬೆಸೆದೆವು. ಎರಡು ಪಿಕಪ್ಪುಗಳನ್ನೂ ಒಟ್ಟಿಗೆ ಹಾಕಿದಾಗ ನಾದ ತುಂಬಿಬರುವ ಬದಲು ಸಣ್ಣಗಾಯಿತು, ಗದ್ದಲ ಹೆಚ್ಚಿತು, ಸ್ವಲ್ಪ ಹೊತ್ತಿಗೆ ಎಲ್ಲವೂ ನಿಂತಿತು.

ವಿದ್ಯಾರ್ಥಿ ಅದನ್ನು ಹುಣಸೂರಿನ ವಯಸ್ಸಾದ ರೇಡಿಯೋ ರಿಪೇರಿಯವರೊಬ್ಬರ ಬಳಿಗೆ ಒಯ್ದನು. ನಾವೂ ಜೊತೆಗೆ ಹೋದೆವು. ಗಿಟಾರಿನ ಒಳಗನ್ನು ಅವರು ಅದಕ್ಕೆ ಮೊದಲು ನೋಡಿರಲಿಲ್ಲ. ಆದರೂ ಮಲ್ಟಿಮೀಟರಿನಿಂದ ಒಂದೊಂದು ಕೊನೆಯನ್ನೂ ಮುಟ್ಟಿ, ಹಾಳೆಯೊಂದರ ಹಿಂಬದಿಯಲ್ಲಿ ನಕ್ಷೆಯನ್ನು ತಾವೇ ಬರೆದರು. ಹೊಸ ಪಿಕಪ್ಪು ಏಳು ಸಾವಿರ ಓಮ್‌ನಷ್ಟು ತೋರಿಸಿತು, ಅದು ಜೀವಂತವಾಗಿತ್ತು. ಹಳೆಯದು ಏನನ್ನೂ ತೋರಿಸಲಿಲ್ಲ; ಅದರ ಸುರುಳಿ ಒಳಗೆ ತುಂಡಾಗಿತ್ತು. ನಾವು ಹೊಸದರ ಎರಡು ತಂತಿಗಳನ್ನು ಅದಲುಬದಲು ಮಾಡಿದ್ದೆವು. ಆದುದರಿಂದ ಒಂದು ಪಿಕಪ್ಪು ಮೇಲೇರಿಸಿದ ಅಲೆಯನ್ನು ಇನ್ನೊಂದು ಕೆಳಗಿಳಿಸುತ್ತಿತ್ತು. ವಾಲ್ಯೂಮ್ ಕಂಟ್ರೋಲಿನ ಬೆನ್ನಿಗೆ ನಾವು ಬೆಸೆದಿದ್ದ ಅರ್ತ್ ತಂತಿ ಮುಟ್ಟಿದೊಡನೆ ಕಳಚಿ ಬಂದಿತು. ರಿಪೇರಿಯವರ ಮಾತಿನಲ್ಲಿ ಇದಕ್ಕೆ ‘ಡ್ರೈ ಸೋಲ್ಡರ್’ ಎಂದು ಹೆಸರು. ಹುಸಿ ಬೆಸುಗೆ ಎನ್ನಬಹುದು.

ಅವರು ಕಲಿಸಿದ ಕ್ರಮವನ್ನು ಇಲ್ಲಿ ಸಂಗ್ರಹಿಸುತ್ತೇವೆ. ಅಂಗಡಿಯಲ್ಲಿ ‘ಲೆಡ್’ ಎಂದು ಕೇಳಿದರೆ ಸಿಕ್ಕುವ ಬೆಸುಗೆ ತಂತಿ ಸಾಮಾನ್ಯವಾಗಿ ೬೦ ಪಾಲು ತವರ, ೪೦ ಪಾಲು ಸೀಸ. ಅದು ೧೮೩ ಡಿಗ್ರಿ ಸೆಂಟಿಗ್ರೇಡಿನಲ್ಲಿ ಮೆತ್ತಗಾಗತೊಡಗಿ ೧೯೦ರ ಸುಮಾರಿಗೆ ಪೂರ್ತಿ ಕರಗುತ್ತದೆ. ಕಡ್ಡಿಯ ತುದಿಗೆ ಲೆಡ್ಡನ್ನು ಕರಗಿಸಿ ತಂತಿಯ ಮೇಲೆ ಸವರಬಾರದು. ಕೂಡಿಸಬೇಕಾದ ಜಾಗವನ್ನು ಕಡ್ಡಿಯಿಂದ ಕಾಯಿಸಿ, ಲೆಡ್ಡನ್ನು ಆ ಜಾಗಕ್ಕೇ ತಾಕಿಸಬೇಕು. ಜಾಗ ಕಾದಿದ್ದರೆ ಲೋಹ ತಾನೇ ಹರಿಯುತ್ತದೆ. ಕಂಟ್ರೋಲಿನ ಬೆನ್ನು ದಪ್ಪ ತಗಡಾದುದರಿಂದ ಕಾವನ್ನು ಹೀರಿಕೊಳ್ಳುತ್ತದೆ. ೨೫ ವ್ಯಾಟಿನ ಸಣ್ಣ ಕಡ್ಡಿ ಅಲ್ಲಿ ಸೋಲಬಹುದು. ಆ ಜಾಗವನ್ನು ಮೊದಲು ಕೆರೆದು, ತವರ ಹಿಡಿಸಿ, ಆಮೇಲೆ ತಂತಿಯನ್ನು ಇಡಬೇಕು. ಆರುವವರೆಗೆ ಉಸಿರು ಬಿಗಿಹಿಡಿದಂತೆ ನಿಲ್ಲಬೇಕು. ಸೀಸ ಬೆರೆತ ಒಳ್ಳೆಯ ಬೆಸುಗೆ ಹೊಳೆಯುತ್ತದೆ. ಹುಸಿಯಾದುದು ಬೂದಿಬಣ್ಣಕ್ಕೆ ತಿರುಗಿ ಉಂಡೆಕಟ್ಟುತ್ತದೆ. ಏಳುವ ಹೊಗೆ ರಾಳದ್ದು, ಸೀಸದ್ದಲ್ಲ, ಅದನ್ನೂ ಸೇವಿಸಬಾರದು. ಸೀಸ ದೇಹಕ್ಕೆ ಸೇರುವುದು ಬೆರಳಿನ ಮೂಲಕ. ಆದುದರಿಂದ ಕೈತೊಳೆಯದೆ ಉಣ್ಣಬಾರದು. ಯುರೋಪಿನ ದೇಶಗಳು ೨೦೦೬ರಿಂದ ಹೆಚ್ಚಿನ ವಿದ್ಯುನ್ಮಾನ ಸರಕುಗಳಲ್ಲಿ ಸೀಸವನ್ನು ನಿರ್ಬಂಧಿಸಿರುವುದನ್ನು ವಿದ್ಯಾರ್ಥಿಗಳು ಅರಿತಿರಬೇಕು.

ಎರಡನೆಯ ಬಾರಿ ಕಡ್ಡಿಯನ್ನು ಹಿಡಿದವನು ವಿದ್ಯಾರ್ಥಿ. ಹಿರಿಯರು ಕೈಕಟ್ಟಿ ನೋಡುತ್ತಿದ್ದರು; ಎರಡು ಬಾರಿ ಅಡ್ಡ ಬಂದು ನಿಲ್ಲಿಸಿದರು; ಮೂರನೆಯ ಬಾರಿ ಸುಮ್ಮನಿದ್ದರು. ಗಿಟಾರು ನುಡಿಯಿತು. ಅವರು ಕೂಲಿಯಾಗಿ ತೆಗೆದುಕೊಂಡದ್ದು ಲೆಡ್ಡಿನ ಬೆಲೆಯನ್ನು ಮಾತ್ರ.

೭

ಕೆಲಸ ಮುಗಿದ ಮೇಲೆ ಹಳೆಯ ಪಿಕಪ್ಪನ್ನು ಬಿಚ್ಚಿ ನೋಡಿದೆವು. ಸುರುಳಿಯ ಸುತ್ತುಗಳ ನಡುವೆ ಮೇಣವಿತ್ತು. ಸುತ್ತುಗಳು ಸಡಿಲವಾಗಿದ್ದರೆ ಜೋರಾದ ಸದ್ದಿಗೆ ಅವೇ ಅದಿರಿ ಕಿರುಚತೊಡಗುತ್ತವೆ. ಅದನ್ನು ತಡೆಯಲು ಪಿಕಪ್ಪನ್ನು ಕರಗಿದ ಮೇಣದಲ್ಲಿ ಅದ್ದುವ ಪದ್ಧತಿಯುಂಟು. ಪ್ಯಾರಾಫಿನ್ನಿಗೆ ಜೇನುಮೇಣವನ್ನು ಬೆರೆಸುವವರೂ ಇದ್ದಾರೆ. ವೀಣೆಯಲ್ಲಿ ಮೆಟ್ಟಿಲನ್ನು ಹಿಡಿದ ಮೇಣವೇ ಇಲ್ಲಿ ಸುರುಳಿಯನ್ನು ಹಿಡಿದಿದೆ. ಗಿಟಾರಿನ ಕತ್ತಿನ ಮೇಲಿನ ಬೆರಳುಹಲಗೆಗೆ ಜಗತ್ತಿನಲ್ಲೆಲ್ಲ ಬಳಕೆಯಾಗುವ ಮರಗಳಲ್ಲಿ ಭಾರತದ ಬೀಟೆಯೂ ಒಂದು. ಬೀಟೆ ನಮ್ಮ ಹೆಗ್ಗಡದೇವನಕೋಟೆ, ಹುಣಸೂರು ಕಾಡುಗಳ ಮರ. ಹುಣಸೂರು ಮರದ ವ್ಯಾಪಾರಕ್ಕೆ ಹೆಸರಾದ ಊರು. ಬೀಟೆಯನ್ನು ಒಳಗೊಂಡ ಇಡೀ ಜಾತಿಯ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ೨೦೧೭ರಲ್ಲಿ ನಿಯಂತ್ರಣ ಬಂದಿತು. ಸಿದ್ಧ ವಾದ್ಯಗಳಿಗೆ ೨೦೧೯ರಲ್ಲಿ ವಿನಾಯಿತಿ ದೊರೆಯಿತು. ವಾದ್ಯ ಮತ್ತು ಕಾಡುಗಳ ಸಂಬಂಧ ಎಷ್ಟು ನಿಕಟವೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಆ ಕಾಡಿನಲ್ಲಿ ಜೇನನ್ನೂ ಮೇಣವನ್ನೂ ಇಳಿಸುತ್ತಿದ್ದವರು ಜೇನುಕುರುಬರು. ಹೆಗ್ಗಡದೇವನಕೋಟೆ, ಹುಣಸೂರು, ಪಿರಿಯಾಪಟ್ಟಣಗಳ ಕಾಡಂಚು ಅವರ ನೆಲೆ. ೧೯೭೪ರಲ್ಲಿ ಪೂರ್ಣಗೊಂಡ ಕಬಿನಿ ಜಲಾಶಯವೂ, ನಾಗರಹೊಳೆಯ ಅರಣ್ಯ ರಕ್ಷಣೆಯ ಕ್ರಮಗಳೂ ಅವರಲ್ಲಿ ಅನೇಕರನ್ನು ಆ ನೆಲೆಯಿಂದ ಕದಲಿಸಿದುವು. ೨೦೦೬ರ ಅರಣ್ಯ ಹಕ್ಕುಗಳ ಕಾಯಿದೆ ಜೇನು, ಮೇಣಗಳನ್ನು ಸಂಗ್ರಹಿಸುವ ಹಕ್ಕನ್ನು ಅಕ್ಷರದಲ್ಲಿ ಒಪ್ಪಿಕೊಂಡಿತು. ಮೇಣ ಇಳಿಸಿದವನ ಹೆಸರು ವೀಣೆಯ ಚರಿತ್ರೆಯಲ್ಲಿ ಇಲ್ಲ. ಅಕ್ಕಸಾಲೆಯವನ, ಕಲಾಯಿಯವನ, ರೇಡಿಯೋ ರಿಪೇರಿಯವನ ಹೆಸರುಗಳೂ ಇಲ್ಲ. ಸ್ಟೀಲಿನ ಪಾತ್ರೆ ಬಂದು ಕಲಾಯಿಯವನು ಬೀದಿಯಿಂದ ಮರೆಯಾಗುತ್ತ ಬಂದನು. ಕೆಟ್ಟುದನ್ನು ಎಸೆದು ಹೊಸದನ್ನು ಕೊಳ್ಳುವ ರೂಢಿ ಬಂದು ರೇಡಿಯೋ ರಿಪೇರಿಯವನೂ ಅದೇ ದಾರಿ ಹಿಡಿದಿದ್ದಾನೆ.

ಮೇಲಿನ ವಿಚಾರಗಳಿಂದ ಎರಡು ಅಂಶಗಳು ಹೊರಡುತ್ತವೆ. ಒಂದು, ತನ್ನ ವಾದ್ಯವನ್ನು ತಾನೇ ಬಿಚ್ಚಿ, ತಿದ್ದಿ, ಕೂಡಿಸಿಕೊಳ್ಳುವ ವಾದಕನು ಪರದೇಶದ ಹವ್ಯಾಸವೊಂದನ್ನು ಅನುಕರಿಸುತ್ತಿಲ್ಲ. ಚೌಡಯ್ಯನವರಿಗೂ ಮೇಳ ಕಟ್ಟುವವರಿಗೂ ಪರಿಚಿತವಾದ ಹಾದಿಯಲ್ಲಿಯೇ ನಡೆಯುತ್ತಿದ್ದಾನೆ. ಎರಡು, ಈ ವಿದ್ಯೆಯ ಆಕರಗಳು ಬದುಕಿರುವ ಮನುಷ್ಯರು. ಶಾಸನ ಇನ್ನೂ ನೂರು ವರ್ಷ ಕಾಯಬಲ್ಲದು, ಇವರು ಕಾಯಲಾರರು. ನಮ್ಮ ಕಾಲೇಜುಗಳ ಚರಿತ್ರೆಯ ವಿದ್ಯಾರ್ಥಿಗಳು ತಂತಮ್ಮ ತಾಲ್ಲೂಕಿನಲ್ಲಿ ಇಂತಹ ಒಬ್ಬೊಬ್ಬರ ಬಳಿಗೆ ಹೋಗಿ, ಅವರ ಉಪಕರಣಗಳ ಹೆಸರು, ಅವರು ಕಲಿತ ಬಗೆ, ಬಳಸುವ ಮಾತು, ಇವನ್ನು ಬರೆದಿಟ್ಟುಕೊಳ್ಳುವುದಾದರೆ ಈ ಲೇಖನದ ಶ್ರಮ ಸಾರ್ಥಕವಾಗುತ್ತದೆ. ಹಾಗೆ ಹೋಗುವವರು ಬರವಣಿಗೆಯ ಪುಸ್ತಕದ ಜೊತೆಗೆ ಕೆಟ್ಟುಹೋದ ವಸ್ತುವೊಂದನ್ನೂ ಕೊಂಡೊಯ್ಯುವುದು ಲೇಸು. ಪ್ರಶ್ನೆಗಿಂತ ಹೆಚ್ಚಿನ ಉತ್ತರವನ್ನು ಅದು ಹೊರಡಿಸುತ್ತದೆಂಬುದು ನಮ್ಮ ಅನುಭವ.